ಜೊಂಪಿನಿಂದ ಏಳದ ಫ್ಯಾನು

"ಎಲ್ಲಾ ಎದ್ದೈತಾ ಹಾಲಕ್ಕ?" ಅಂತ ಸಾಕಮ್ಮ ಬಾಗಿಲಲ್ಲೇ ನಿಂತು ಕೇಳಿದಳು. "ಕಿರುಬೆರಳೊಂದು ಬಿಟ್ಟು ಎಲ್ಲಾ ಎದ್ದೈತೆ, ಒಳಗೆ ಬಾ" ಅಂದೆ. ನಮ್ಮೂರಲ್ಲಿ ಊಟ ಆಯ್ತಾ ಅಂತ ಯಾರೂ ಕೇಳುವುದಿಲ್ಲ, ಇದನ್ನೇ ಕೇಳುವುದು. ಶನಿವಾರ ಬೆಳಿಗ್ಗೆ ಎಂಟರ ಹೊತ್ತು. ನಾನು ಹಿಟ್ಟಿನ ಗಿರಣಿಯವರು ರಿಪೇರಿಗೆ ಕೊಟ್ಟ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದೆ. ಸಾಕಮ್ಮನ ಕಂಕುಳಲ್ಲಿ ಟವೆಲು ಸುತ್ತಿದ ಏನೋ ಇತ್ತು, ಜ್ವರ ಬಂದ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದಳು. ಟವೆಲು ಬಿಚ್ಚುವ ಮೊದಲೇ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು.

"ಇದು ನಿನ್ನ ಗಂಡನ ಲ್ಯಾಪ್‌ಟಾಪ್ ಅಲ್ವೇನೇ?" ಅಂದೆ.

"ಹ್ಞೂ ಅಕ್ಕ. ಎಂಟು ದಿನದಿಂದ ಜೊಂಪಾದ ಮೇಲೆ ಇದರ ಫ್ಯಾನು ಏಳ್ತಿಲ್ಲ. ಮಿಕ್ಕಿದ್ದೆಲ್ಲಾ ಎದ್ದಿರ್ತದೆ. ಪರದೆ ಏಳ್ತದೆ, ದೀಪ ಏಳ್ತದೆ, ಆ ಹೆಂಗಸಿನ ಗಂಟಲೂ ಏಳ್ತದೆ. ಫ್ಯಾನು ಮಾತ್ರ ಇಲ್ಲ. ನಾಲ್ಕು ನಿಮಿಷಕ್ಕೆ ರೊಟ್ಟಿ ಹಂಚಿನ ಹಾಗೆ ಕಾದು ಠಪ್ ಅಂತ ಆರಿಹೋಗ್ತದೆ."

"ಅದಕ್ಕೆ ಎಣ್ಣೆ ತಿಕ್ಕಿದೆಯಾ?"

ಅವಳು ನೆಲ ನೋಡಿದಳು. "ಏಳದೆ ಇರೋದಕ್ಕೆ ಇನ್ನೇನು ತಿಕ್ಕಬೇಕಿತ್ತು?"

ಅವಳನ್ನು ಬೈಯುವ ಹಾಗೂ ಇರಲಿಲ್ಲ. ದಿನಾ ಮಧ್ಯಾಹ್ನ ಅಂಗಳದ ಬೇವಿನ ನೆರಳು ಬುಡ ಬಿಟ್ಟು ಒಂದು ಗೇಣು ಸರಿಯುತ್ತಲೇ ನಮ್ಮೂರ ಮೇಲೆ ಜೊಂಪು ಇಳಿಯುತ್ತೆ. ಹೆಂಗಸರು ಅಷ್ಟರೊಳಗೆ ಒಲೆ ಆರಿಸಿರುತ್ತಾರೆ, ಬಾವಿಯ ಹಗ್ಗವನ್ನು ಗೂಟಕ್ಕೆ ಸುತ್ತಿರುತ್ತಾರೆ, ಕ್ಷೌರದವನು ಕೆನ್ನೆಯ ಮೇಲಿಂದ ಕತ್ತಿ ತೆಗೆದಿರುತ್ತಾನೆ. ಆಮೇಲೆ ಮನುಷ್ಯರು, ದನ, ಗಿರಣಿ, ಗಡಿಯಾರ, ಸ್ಟ್ಯಾಂಡಿನಲ್ಲಿ ನಿಂತ ಬಸ್ಸು, ಎಲ್ಲವೂ ಮಲಗುತ್ತವೆ. ಎಷ್ಟು ಹೊತ್ತು ಅಂತ ಹೇಳುವುದು ಕಷ್ಟ, ಗಡಿಯಾರವೂ ಮಲಗಿರುತ್ತಲ್ಲ. ಏಳುವಾಗ ಒಬ್ಬೊಬ್ಬರದು ಒಂದೊಂದು ಹಿಂದೆ ಉಳಿಯುತ್ತೆ. ಒಬ್ಬರಿಗೆ ಮೊಣಕಾಲು, ಇನ್ನೊಬ್ಬರಿಗೆ ಒಂದು ಕಿವಿ. ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದರೆ ಸಾಮಾನ್ಯವಾಗಿ ಸಂಜೆಯೊಳಗೆ ಎದ್ದುಬಿಡುತ್ತೆ. ನನ್ನ ಎಡಗೈ ಕಿರುಬೆರಳು ಒಂಬತ್ತು ವರ್ಷದಿಂದ ಎದ್ದಿಲ್ಲ. ಮೊದಮೊದಲು ಬೇಜಾರಾಗಿತ್ತು. ಈಗ ಬೆಸುಗೆ ಹಾಕುವಾಗ ಕಾದ ತಂತಿಯನ್ನು ಅದರಲ್ಲೇ ಒತ್ತಿ ಹಿಡಿಯುತ್ತೇನೆ. ಎಲ್ಲಕ್ಕಿಂತ ತಡವಾಗಿ ಏಳುವುದು ಅಕ್ಷರ. ಜೊಂಪು ಕಳೆದು ಅರ್ಧ ಗಂಟೆ ಯಾರಿಗೂ ಓದಲು ಬರುವುದಿಲ್ಲ. ನಾನು ಐವತ್ತೆರಡನೇ ವಯಸ್ಸಿಗೆ ರಾತ್ರಿಶಾಲೆಗೆ ಹೋಗಿ ಕಲಿತವಳು. ದಿನಾ ಆ ಅರ್ಧ ಗಂಟೆ ಐವತ್ತೊಂದಕ್ಕೆ ಹೋಗಿ ಬರುತ್ತೇನೆ.

ಮನೆಯಲ್ಲಿ ಮಲಗಿ ಎದ್ದವರಿಗೆ ಇದರಿಂದ ಅಂಥ ತೊಂದರೆಯಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಲಗಿ ಎದ್ದವರ ಪಾಡು ಬೇರೆ. ಕೈಯಲ್ಲಿ ಚೀಲ ಇರುತ್ತೆ, ಎಲ್ಲಿಗೆ ಹೊರಟಿದ್ದೆವು ಅನ್ನುವುದು ಇರುವುದಿಲ್ಲ. ಬೋರ್ಡು ನೋಡಿದರೆ ಗೀಟುಗಳಷ್ಟೇ ಕಾಣುತ್ತವೆ. ಆ ಹೊತ್ತಿಗೆ ಸಾಕಮ್ಮನ ಗಂಡ ತಿಪ್ಪೇಶಪ್ಪ ಕೂಗಬೇಕು. ಮೂವತ್ತು ವರ್ಷ ಕೂಗಿದ. "ಬೆಣಚುಗುಡ್ಡ, ಬೆಣಚುಗುಡ್ಡ, ಕೋಡಿಹಟ್ಟಿ ಮೇಲೆ ಬೆಣಚುಗುಡ್ಡ" ಅಂತ ಅವನ ದನಿ ತಗಡಿನ ಸೂರಿಗೆ ಬಡಿದು ಬಂದರೆ, ಗೋಡೆಗೆ ಒರಗಿ ಪಿಳಿಪಿಳಿ ನೋಡುತ್ತಿದ್ದವರಲ್ಲಿ ಐದಾರು ಜನ "ಹಾಂ, ನಂದು" ಅಂತ ಎದ್ದು ಸೀರೆ ಕೊಡವಿಕೊಳ್ಳುವರು. ತಮ್ಮೂರ ಹೆಸರು ಕಿವಿಗೆ ಬಿದ್ದರೆ ಹೊರಟ ಕೆಲಸವೂ ನೆನಪಾಗುತ್ತಿತ್ತು. ಬೇರೆ ಯಾರಾದರೂ ಕೂಗಬಹುದಿತ್ತಲ್ಲ ಅಂದರೆ, ಎದ್ದ ತಕ್ಷಣ ಬಸ್ಸುಗಳ ಸಾಲು ಬಾಯಲ್ಲಿ ಸಿದ್ಧವಾಗಿರುತ್ತಿದ್ದುದು ಅವನೊಬ್ಬನಿಗೆ. ಸ್ಟ್ಯಾಂಡಿನ ಮ್ಯಾನೇಜರು ಗುರುಪಾದಪ್ಪ ಒಂದು ದಿನ ತಾನೇ ಕೂಗಲು ಹೋಗಿ, ಬಸ್ಸಿನ ಬದಲು ತನ್ನ ಅಳಿಯಂದಿರ ಹೆಸರು ಕೂಗಿದ.

ಎರಡು ವರ್ಷದ ಹಿಂದೆ ತಿಪ್ಪೇಶಪ್ಪ ಸ್ವಲ್ಪ ತಡ ಮಾಡಿಬಿಟ್ಟ. ನೆರಳು ಸರಿದರೂ ಒಂದು ಸಲ ಕೂಗಿಬಿಡೋಣ ಅಂತ ಬಾಯಿ ತೆರೆದ. "ಬೆಣಚು" ಅನ್ನುವಷ್ಟರಲ್ಲಿ ಜೊಂಪು ಇಳಿಯಿತು. ಎದ್ದಾಗ ಕೈಕಾಲು, ಕಣ್ಣು, ಕಿವಿ ಎಲ್ಲಾ ಸರಿಯಾಗಿತ್ತು. ದನಿ ಇರಲಿಲ್ಲ. ಸಾಕಮ್ಮ ಮೂರು ತಿಂಗಳು ಅವನ ಕುತ್ತಿಗೆಗೆ ಎಣ್ಣೆ ತಿಕ್ಕಿದಳು. ಹೊರಊರಿನ ಡಾಕ್ಟರು ಗಂಟಲಲ್ಲಿ ದೀಪ ಬಿಟ್ಟು ನೋಡಿ, ಗಂಟಲು ಚೆನ್ನಾಗೇ ಇದೆಯಲ್ಲ ಅಂದರಂತೆ. ಕೊನೆಗೆ ರಾತ್ರಿಶಾಲೆಯ ಜಯಶೀಲ ಮೇಷ್ಟ್ರು ತಮ್ಮ ಹಳೇ ಲ್ಯಾಪ್‌ಟಾಪನ್ನು ಕೊಟ್ಟರು. ತಿಪ್ಪೇಶಪ್ಪ ಬರೆದರೆ ಅದು ಓದಿ ಹೇಳುತ್ತಿತ್ತು. ಜೊಂಪಿಗೆ ಮೊದಲೇ ಬಸ್ಸುಗಳ ಸಾಲು ಬರೆದಿಟ್ಟುಕೊಳ್ಳುವುದು, ಎದ್ದಮೇಲೆ ಉದ್ದದ ಕೀಲಿ ಒತ್ತುವುದು, ಅಷ್ಟೇ ಕೆಲಸ. ಆದರೆ ಒಳಗಿರುವುದು ಹೆಣ್ಣುದನಿ. ಯಾವ ಊರವಳೋ, ಕೋಪ ಇಲ್ಲ, ನಗು ಇಲ್ಲ, ಬೆಣಚುಗುಡ್ಡಕ್ಕೂ ಕೋಡಿಹಟ್ಟಿಗೂ ಒಂದೇ ರಾಗ. ಜನ ಅದಕ್ಕೂ ಒಗ್ಗಿಕೊಂಡರು. "ತಿಪ್ಪೇಶಪ್ಪ ಎರಡನೇದನ್ನ ಕಟ್ಟಿಕೊಂಡವ್ನೆ" ಅಂತ ಆಡಿಕೊಂಡರು. ಸಾಕಮ್ಮನಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಿಂದ ಪರಹೆಂಗಸೊಬ್ಬಳು "ಸಾರಿಗೆ ಉಪ್ಪು ಕಡಿಮೆಯಾಗಿದೆ" ಅಂದರೆ ಯಾವಳಿಗೆ ತಡೆದೀತು?

"ಸೋಮವಾರ ಕಡೇ ದಿನ ಅಂದವ್ರೆ ಗುರುಪಾದಪ್ಪ" ಅಂತ ಸಾಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತೂ ಜೊಂಪಾದ ಮೇಲೆ ಇದು ಆರಿದರೆ ಕರೆಂಟು ಗಂಟೆ ಕಟ್ಟಿಸ್ತಾರಂತೆ. ಬೆಣಚುಗುಡ್ಡಕ್ಕೆ ಒಂದು ಸಲ ಬಾರಿಸೋದು, ಕೋಡಿಹಟ್ಟಿಗೆ ಎರಡು. ಇವರನ್ನ ಪಾರ್ಸಲ್ ಗೋಡೌನಿಗೆ ಹಾಕ್ತಾರಂತೆ."

"ಗುರುಪಾದಪ್ಪನಿಗೆ ಯಾಕಿಷ್ಟು ಅವಸರ?"

"ಬುಧವಾರ ಕೆಂಚಮ್ಮನ ಕತೆ ಆಯ್ತಲ್ಲಕ್ಕ."

ಕೆಂಚಮ್ಮನ ಕತೆ ಊರಿಗೆಲ್ಲಾ ಗೊತ್ತಿತ್ತು. ಕೋಡಿಹಟ್ಟಿಯಲ್ಲಿ ಅವಳ ದೊಡ್ಡಪ್ಪ ತೀರಿಕೊಂಡಿದ್ದರು. ಜೊಂಪು ಕಳೆದು ಎದ್ದಾಗ ಯಂತ್ರ ಕೋಡಿಹಟ್ಟಿ ಅನ್ನುವಷ್ಟರಲ್ಲಿ ಆರಿತು. ಕೆಂಚಮ್ಮ ಯಾವುದೋ ಬಸ್ಸು ಹತ್ತಿದಳು. ಇಳಿದ ಊರಲ್ಲೂ ಒಂದು ಸಾವಾಗಿತ್ತು. ಕೈಯಲ್ಲಿ ಹೂವಿನ ಹಾರ ಇದೆ, ಎದುರಿಗೆ ಹೆಣ ಇದೆ, ಕೂತು ಅತ್ತಳು. ಆ ಮನೆಯವರೂ ಅವಳ ಹೆಗಲು ತಬ್ಬಿಕೊಂಡು ಅತ್ತರು. ಅಕ್ಷರ ಎದ್ದಮೇಲೆ ಗೋಡೆಯ ಮೇಲಿನ ಹೆಸರು ಓದಿ ಅವಳಿಗೆ ಗೊತ್ತಾದದ್ದು, ಇದು ನಮ್ಮ ದೊಡ್ಡಪ್ಪ ಅಲ್ಲ ಅಂತ. ಅಷ್ಟು ಹೊತ್ತಿಗೆ ಕೋಡಿಹಟ್ಟಿಯಲ್ಲಿ ಮಣ್ಣಾಗಿತ್ತು. ಗುರುಪಾದಪ್ಪನೂ ಅವಳ ಕಣ್ಣೀರಿಗೆ ಜವಾಬು ಹೇಳಬೇಕಿತ್ತು.

ಟೇಬಲ್ ಫ್ಯಾನು ಬದಿಗಿಟ್ಟೆ. ಲ್ಯಾಪ್‌ಟಾಪು ಬೋರಲು ಹಾಕಿ ತಿರುಪು ಬಿಚ್ಚಿದೆ, ಒಂಬತ್ತು ತಿರುಪು, ಜೀರಿಗೆಗಿಂತ ಸ್ವಲ್ಪ ದಪ್ಪ. ಮುಚ್ಚಳ ಎತ್ತಿದರೆ ಒಳಗೆ ಎಣ್ಣೆ ಮಡುಗಟ್ಟಿತ್ತು. ಫ್ಯಾನು ಅಂಗೈಯ ಗುಳಿಯಷ್ಟು ಅಗಲ, ರೆಕ್ಕೆ ಒಂದೊಂದೂ ಹಲ್ಲಿಗೆ ಹಾಕುವ ಕಡ್ಡಿಯಷ್ಟು ಸಣ್ಣ. ಅದರ ತುಂಬಾ ಹರಳೆಣ್ಣೆಯೂ ಟವೆಲಿನ ಜುಂಗೂ ಸೇರಿ ಕಾಡಿಗೆಯಾಗಿತ್ತು. "ಇಷ್ಟು ಎಣ್ಣೆ ನಿನ್ನ ಗಂಡನ ತಲೆಗೆ ಹಾಕಿದ್ದರೆ ಕೂದಲಾದರೂ ಬರ್ತಿತ್ತು" ಅಂದೆ. ಸಾಕಮ್ಮ ಅಳುವಿನ ನಡುವೆ ನಕ್ಕಳು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದೊಂದೇ ರೆಕ್ಕೆ ಒರೆಸಿದೆ. ಎರಡು ಗಂಟೆ ಹಿಡಿಯಿತು. ಮತ್ತೆ ಜೋಡಿಸಿ ಹೊತ್ತಿಸಿದಾಗ ಫ್ಯಾನು ಸುಂಯ್ ಅಂತ ತಿರುಗಿತು. ಸಾಕಮ್ಮ ನನ್ನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡು ಸ್ಟ್ಯಾಂಡಿಗೆ ಓಡಿದಳು.

ಜೊಂಪು ಕಳೆದು ಸ್ವಲ್ಪ ಹೊತ್ತಿಗೆ ಗಂಡಹೆಂಡಿರಿಬ್ಬರೂ ವಾಪಸು ಬಂದರು. ಫ್ಯಾನು ಇವತ್ತೂ ಎದ್ದಿಲ್ಲ ಅಂತ ಅವರ ನಡಿಗೆ ನೋಡಿಯೇ ನನಗೆ ಗೊತ್ತಾಯಿತು. ತಿಪ್ಪೇಶಪ್ಪ ಲ್ಯಾಪ್‌ಟಾಪನ್ನು ಜಗಲಿಯ ಮೇಲಿಟ್ಟ. ಇನ್ನೂ ಬೆಚ್ಚಗಿತ್ತು. ಅದು ತಣಿದು, ಅವನಿಗೆ ಅಕ್ಷರ ಎದ್ದಮೇಲೆ, ಮತ್ತೆ ಹೊತ್ತಿಸಿ ಎರಡು ಬೆರಳಲ್ಲಿ ಕುಟ್ಟಿ ಬರೆದ. ಆ ಹೆಂಗಸು ಓದಿದಳು. "ಬಿಡಿ ಹಾಲಕ್ಕ. ಗಂಟೆ ಕಟ್ಟಲಿ. ಗೋಡೌನಿನಲ್ಲಿ ನೆರಳಿರುತ್ತದೆ."

"ನಿನ್ನ ನೆರಳು ಆಮೇಲೆ ನೋಡೋಣ" ಅಂದೆ. "ಸೋಮವಾರ ಇನ್ನೂ ಬಂದಿಲ್ಲ. ನಾಳೆ ಭಾನುವಾರ, ನಿನಗೆ ರಜೆ. ಇದು ನನ್ನ ಹತ್ತಿರ ಇರಲಿ."

ಅವರು ಹೋದಮೇಲೆ ಮತ್ತೆ ಬಿಚ್ಚಿದೆ. ನನಗೆ ಕೆಲಸ ಕಲಿಸಿದ್ದು ನಮ್ಮ ಮಾವ, ಗಂಡನ ಅಪ್ಪ. ಅವರು ಒಂದು ಮಾತು ಹೇಳುತ್ತಿದ್ದರು. ತಿರುಗದ ವಸ್ತು ಬಂದರೆ ಮೊದಲು ಅದನ್ನೇ ಕೇಳು, ಆಮೇಲೆ ಅದರ ಯಜಮಾನನನ್ನು ಕೇಳು ಅಂತ. ಫ್ಯಾನಿನ ಬೆನ್ನಮೇಲೆ ಚೀಟಿ ಅಂಟಿಸಿತ್ತು. ಭೂತಗನ್ನಡಿ ಹಿಡಿದು ಓದಿದೆ, ಡಿಸಿ 5 ವಿ, ಅಂದರೆ ಐದು ವೋಲ್ಟು, ಮೊಬೈಲ್ ಚಾರ್ಜರು ಕೊಡುವಷ್ಟೇ. ಇಂಥ ಚೀಟಿ ಓದುವುದಕ್ಕೆಂದೇ ನಾನು ಆ ವಯಸ್ಸಿನಲ್ಲಿ ಸ್ಲೇಟು ಹಿಡಿದದ್ದು. ಹಳೇ ಮೊಬೈಲ್ ಚಾರ್ಜರಿನ ವೈರು ಕತ್ತರಿಸಿ, ಎರಡು ತುದಿ ಸುಲಿದು, ಒಂದನ್ನು ಕಿರುಬೆರಳಲ್ಲಿ ಒತ್ತಿ ಹಿಡಿದು ಫ್ಯಾನಿಗೆ ನೇರ ಮುಟ್ಟಿಸಿದೆ. ತಿರುಗಿತು. ತೆಗೆದೆ, ನಿಂತಿತು. ಮುಟ್ಟಿಸಿದೆ, ತಿರುಗಿತು. ಹಾಗಾದರೆ ಫ್ಯಾನಿನದು ಏನೂ ತಪ್ಪಿಲ್ಲ. ಜೊಂಪು ಕಳೆದಮೇಲೆ ತಿರುಗು ಅಂತ ಅದಕ್ಕೆ ಯಾರೂ ಹೇಳುತ್ತಿಲ್ಲ. ಯಜಮಾನನ ಕಡೆಯ ತೊಂದರೆ.

ಯಜಮಾನ ಅಂದರೆ ಒಳಗಿನ ಹಸಿರು ಹಲಗೆ. ಅದರ ಬಗ್ಗೆ ನನಗೆ ತಿಳಿದಿದ್ದು ಕಮ್ಮಿ. ತಿಳಿಯದ್ದನ್ನು ನೋಡುತ್ತಾ ಕೂರುವುದು ಒಂದೇ ದಾರಿ. ಭಾನುವಾರ ಲ್ಯಾಪ್‌ಟಾಪು ಜೋಡಿಸಿ, ಹೊತ್ತಿಸಿ, ಚಾಪೆಯ ಮೇಲೆ ನನ್ನ ಮುಖದ ನೇರಕ್ಕೆ ಇಟ್ಟುಕೊಂಡು ಮಲಗಿದೆ. ವಯಸ್ಸಾದವರು ಜೊಂಪಿನಿಂದ ಬೇಗ ಏಳುತ್ತಾರೆ, ನಾನು ಊರಿಗಿಂತ ಒಂದು ಎಲೆಅಡಿಕೆ ಹಾಕುವಷ್ಟು ಹೊತ್ತು ಮೊದಲೇ ಏಳುತ್ತೇನೆ. ಕಣ್ಣು ಬಿಟ್ಟೆ. ಬೀದಿಯಲ್ಲಿ ಸದ್ದಿಲ್ಲ. ಗೋಡೆಯ ಗಡಿಯಾರದ ಮುಳ್ಳು ನಿಂತಿತ್ತು. ಕಾಗೆಯೊಂದು ಹೆಂಚಿನ ಮೇಲೆ ಕೊಕ್ಕು ರೆಕ್ಕೆಗೆ ಸಿಕ್ಕಿಸಿ ಕೂತಿತ್ತು. ಎದುರುಮನೆಯ ನಲ್ಲಿಯ ತುದಿಗೆ ಬಂದ ಹನಿ ಅಲ್ಲೇ ತೂಗುತ್ತಿತ್ತು, ಬಿದ್ದಿರಲಿಲ್ಲ. ಅಷ್ಟೆಲ್ಲದರ ನಡುವೆ ಒಂದೇ ಒಂದು ವಸ್ತು ಅಲ್ಲಾಡುತ್ತಿತ್ತು. ಲ್ಯಾಪ್‌ಟಾಪಿನ ಅಂಚಿನಲ್ಲಿದ್ದ ಎಳ್ಳುಕಾಳಷ್ಟು ದೀಪ. ಮೆಲ್ಲಗೆ ಹೊತ್ತುವುದು, ಮೆಲ್ಲಗೆ ಆರುವುದು, ಮತ್ತೆ ಹೊತ್ತುವುದು.

ನಾನು ಎದ್ದು ಕೂತೆ. ಎಂಥ ಕಳ್ಳ ಇದು ಅನ್ನಿಸಿತು. ನಮ್ಮೂರಲ್ಲಿ ಗಿರಣಿ ಮಲಗಿದರೆ ಪೂರಾ ಮಲಗುತ್ತೆ, ಮಿಕ್ಸಿ ಮಲಗಿದರೆ ಪೂರಾ ಮಲಗುತ್ತೆ. ಇದು ಹೊರಗಿನಿಂದ ಬಂದದ್ದು, ತನ್ನದೇ ಒಂದು ನಿದ್ದೆ ಕಲಿತುಕೊಂಡು ಬಂದಿದೆ. ಮಲಗಿದ ಹಾಗೆ ಕಾಣುತ್ತೆ, ಒಳಗೆ ಒಂದು ಕಣ್ಣು ಬಿಟ್ಟುಕೊಂಡೇ ಇರುತ್ತೆ. ಪೂರಾ ಮಲಗದೆ ಇದ್ದರೆ ಪೂರಾ ಏಳುವುದು ಹ್ಯಾಗೆ? ತಾನು ಎದ್ದೇ ಇದ್ದೇನೆ ಅಂದುಕೊಂಡ ಯಜಮಾನ ಆಳನ್ನು ಎಬ್ಬಿಸಲು ಮರೆತಿದ್ದಾನೆ, ಅಷ್ಟೇ.

ಸಂಜೆ ನಾಲ್ಕಕ್ಕೆ ಇಬ್ಬರಿಗೂ ಬರಹೇಳಿದೆ. ಅವರ ಎದುರಿಗೇ ಚಾರ್ಜರು ಕಿತ್ತೆ. ಹಿಂಬದಿ ಬಿಚ್ಚಿ ಬ್ಯಾಟರಿಯ ಜೋಡಣೆ ತಪ್ಪಿಸಿ ಹೊರಗಿಟ್ಟೆ. ಕರೆಂಟು ಇನ್ನು ಎಲ್ಲಿಂದಲೂ ಬರುವಂತಿಲ್ಲ. ಆಮೇಲೆ ಹೊತ್ತಿಸುವ ಗುಂಡಿಯನ್ನು ಒತ್ತಿ ಹಿಡಿದೆ. "ಎಣಿಸೇ ಸಾಕಿ, ಮೂವತ್ತರ ತನಕ" ಅಂದೆ. ಅವಳು ಕಳ್ಳೆಪುರಿ ಅಳೆದು ಮಾರುವಾಗ ಒಂದಕ್ಕೆ ಲಾಭ ಅಂದು ಎಣಿಸುವ ರಾಗದಲ್ಲಿ "ಲಾಭ, ಎರಡು, ಮೂರು" ಅಂತ ಎಣಿಸಿದಳು. "ಇದು ಯಾಕಕ್ಕ? ಬ್ಯಾಟರಿನೇ ಇಲ್ವಲ್ಲ" ಅಂದಳು ಮುಗಿದ ಮೇಲೆ.

"ಒಳಗೆ ಚೂರುಪಾರು ಎಚ್ಚರ ಉಳಕೊಂಡಿರ್ತದೆ. ಅದನ್ನೂ ಇಳಿಸಬೇಕು. ಇದರ ಕಾಯಿಲೆ ಏನು ಗೊತ್ತಾ? ಅರೆನಿದ್ದೆ. ಹಳೇ ಯಂತ್ರ, ಇಷ್ಟು ದಿನ ಹೇಗೋ ತಡಕೊಂತು, ಈಗ ಆಗ್ತಿಲ್ಲ. ನಾಳೆಯಿಂದ ನೆರಳು ಸರಿಯೋ ಮೊದಲು ಇದನ್ನ ಪೂರ್ತಿ ಆರಿಸಿ ಮಲಗಿಸಬೇಕು. ಮುಚ್ಚಳ ಮುಚ್ಚಿ ಸುಮ್ಮನಾದರೆ ಸಾಲದು. ಒಂದು ಕಣ್ಣು ಬಿಟ್ಕೊಂಡು ಮಲಗೋ ವಸ್ತು ಒಂದಲ್ಲ ಒಂದನ್ನ ಏಳಿಸೋಕೆ ಮರೀತದೆ."

ನಾನು ಹೇಳಿದ್ದು ಲ್ಯಾಪ್‌ಟಾಪಿನ ಮಾತು. ಆದರೆ ಸಾಕಮ್ಮ ಲ್ಯಾಪ್‌ಟಾಪು ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದಳು. ತಿಪ್ಪೇಶಪ್ಪ ಕಣ್ಣು ತಪ್ಪಿಸಿ ನನ್ನ ಟೇಬಲ್ ಫ್ಯಾನಿನ ಜಾಲರಿ ಮುಟ್ಟಿ ನೋಡತೊಡಗಿದ. "ನಿಮ್ಮ ಬುತ್ತಿಯ ಹಿತ್ತಾಳೆ ತಟ್ಟೆ" ಅಂದಳು ಅವಳು ಮೆಲ್ಲಗೆ. "ಅದರ ತಳ ಪೂರಾ ತಗ್ಗು ತಗ್ಗಾಗೈತೆ. ಎರಡು ವರ್ಷದಿಂದ ನೋಡ್ತಿದೀನಿ. ಎಲ್ಲಿ ಬೀಳಿಸ್ತಾರೋ ಅಂದ್ಕೊಂಡಿದ್ದೆ. ಹೇಳಿ, ಆ ತಟ್ಟೆಗೆ ಏನು ಮಾಡ್ತೀರಿ?"

ಬ್ಯಾಟರಿ ಜೋಡಿಸಿ ಲ್ಯಾಪ್‌ಟಾಪು ಅವನ ಮುಂದಿಟ್ಟೆ. ಅವನು ಬಹಳ ಹೊತ್ತು ಬರೆದ, ಅಳಿಸಿದ, ಬರೆದ. ಆ ಹೆಂಗಸು ಅದೇ ರಾಗದಲ್ಲಿ ಓದಿದಳು. "ಜೊಂಪಿನ ಹೊತ್ತಿಗೆ ಬೀಗದ ಕೈಗಳ ಗೊಂಚಲನ್ನು ಕೈಯಲ್ಲಿ ಹಿಡಿದು ಕೂರುತ್ತೇನೆ. ಕೆಳಗೆ ತಟ್ಟೆ ಇಡುತ್ತೇನೆ. ನಿದ್ದೆ ಬಂದರೆ ಕೈ ಸಡಿಲಾಗಿ ಗೊಂಚಲು ಬೀಳುತ್ತದೆ. ಎಚ್ಚರವಾಗುತ್ತದೆ. ಮತ್ತೆ ಹಿಡಿಯುತ್ತೇನೆ."

"ದಿನಾ?" ಅಂದಳು ಸಾಕಮ್ಮ.

"ದಿನಾ. ಮೊದಲು ದನಿ ಹೋಯಿತು. ಮಲಗಿದರೆ ಇನ್ನೇನು ಏಳದೆ ಹೋಗುತ್ತದೋ. ಕಣ್ಣು ಹೋದರೆ ನಿನ್ನನ್ನು ಹೇಗೆ ನೋಡಲಿ?"

ಆ ರಾಗದಲ್ಲಿ ಆ ಮಾತು ಕೇಳಿ ಸಾಕಮ್ಮನಿಗೆ ಸಿಟ್ಟು ಬರಬೇಕೋ ಅಳು ಬರಬೇಕೋ ಗೊತ್ತಾಗಲಿಲ್ಲ. "ಇದನ್ನ ಹೇಳೋಕೂ ಇವಳೇ ಬೇಕಾಯ್ತಾ?" ಅಂತ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿಬಿಟ್ಟಳು. ಆಮೇಲೆ ಗಂಡನ ಕೈ ಹಿಡಿದು ಹೇಳಿದಳು. "ನಾಳೆ ನೀವೂ ಪೂರಾ ಮಲಗಬೇಕು. ನಾನು ಸ್ಟ್ಯಾಂಡಿಗೇ ಬರ್ತೀನಿ, ಪಕ್ಕದಲ್ಲೇ ಇರ್ತೀನಿ. ಏನು ಏಳದೆ ಹೋದ್ರೂ ಎಣ್ಣೆ ತಿಕ್ಕೋಕೆ ನಾನಿದೀನಿ."

"ಎಣ್ಣೆ ನೀನು ಮನೇಲೇ ಬಿಟ್ಟು ಬಾ ತಾಯಿ" ಅಂದೆ ನಾನು.

ತಿಪ್ಪೇಶಪ್ಪ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿ, ಒತ್ತುವ ಹಾಗೆ ಬೆರಳು ಆಡಿಸಿ, ಕೈ ಅಗಲಿಸಿದ. ನಾನು ಮಲಗಿಬಿಟ್ಟರೆ ಇದನ್ನು ಒತ್ತುವವರು ಯಾರು ಅಂತ. ಅವನು ಕೇಳಿದ್ದು ಸರಿಯೇ. ಪೂರಾ ಮಲಗಿದವನು ತಡವಾಗಿ ಎದ್ದರೆ ಗುರುಪಾದಪ್ಪ ಕಾಯುವವನಲ್ಲ. "ನಾನು ಎಲ್ಲರಿಗಿಂತ ಮೊದಲು ಏಳ್ತೀನಿ" ಅಂದೆ. "ಒತ್ತೋಕೆ ಅಕ್ಷರ ಬೇಡವಲ್ಲ."

ಸೋಮವಾರ ಸ್ಟ್ಯಾಂಡಿನಲ್ಲಿ ಜನ ತುಂಬಿತ್ತು. ಕೆಂಚಮ್ಮನೂ ಇದ್ದಳು, ದೊಡ್ಡಪ್ಪನ ಹಾಲುತುಪ್ಪಕ್ಕಾದರೂ ಕೋಡಿಹಟ್ಟಿ ಮುಟ್ಟಬೇಕು ಅಂತ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗುರುಪಾದಪ್ಪ ಗಂಟೆಯನ್ನು ತರಿಸಿ ಗೋಡೆಗೆ ಒರಗಿಸಿಯೂ ಇಟ್ಟಿದ್ದ. "ಹಾಲಮ್ಮ, ನಿಮ್ಮ ಕೈಗುಣ ನನಗೂ ಗೊತ್ತು. ಆದರೆ ಜನ ಬೈಯೋದು ನನ್ನ" ಅಂದ. "ಗಂಟೆ ಎಲ್ಲಿಗೂ ಓಡಿಹೋಗಲ್ಲ ಗುರುಪಾದಪ್ಪ, ನೀನು ಮಲಗು ಹೋಗು" ಅಂದೆ. ತಗಡಿನ ಗೂಡಿನೊಳಗೆ ತಿಪ್ಪೇಶಪ್ಪ ಬಸ್ಸುಗಳ ಸಾಲು ಬರೆದಿಟ್ಟು, ಹೊತ್ತಿಸಿ ಉದ್ದದ ಕೀಲಿ ಒತ್ತಿದರೆ ಸಾಕು ಅನ್ನುವ ಹಾಗೆ ಹೊಂದಿಸಿ, ಯಂತ್ರವನ್ನು ಪೂರ್ತಿ ಆರಿಸಿದ. ಎಳ್ಳುಕಾಳಿನ ದೀಪ ಆರಿದೆಯಾ ಅಂತ ನಾನು ಎರಡು ಸಲ ನೋಡಿದೆ. ಸಾಕಮ್ಮ ಮೇಜಿನ ಕೆಳಗೆ ಚಾಪೆ ಹಾಸಿದಳು. ಅವನು ಜೇಬಿನಿಂದ ಬೀಗದ ಕೈಗಳ ಗೊಂಚಲು ತೆಗೆದು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಅವಳು ಕೈ ಚಾಚಿದಳು. ಕೊಟ್ಟ. ಅವಳು ಅದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಪಕ್ಕ ಮಲಗಿದಳು. ನೆರಳು ಸರಿಯಿತು.

ಕಣ್ಣು ಬಿಟ್ಟಾಗ ಸ್ಟ್ಯಾಂಡೆಲ್ಲಾ ಇನ್ನೂ ಮಲಗಿತ್ತು. ಕೈಬೆರಳು ಆಡಿಸಿ ನೋಡಿಕೊಂಡೆ, ಕಿರುಬೆರಳು ಬಿಟ್ಟು ಎಲ್ಲಾ ಎದ್ದಿತ್ತು. ಗುಂಡಿ ಒತ್ತಿದೆ. ಮೊದಲು ಏನೂ ಇಲ್ಲ. ಅಯ್ಯೋ, ಇದಕ್ಕೂ ನನಗಿಂತ ವಯಸ್ಸು ಕಮ್ಮಿ, ತಡವಾಗಿ ಏಳುತ್ತದೇನೋ ಅಂದುಕೊಂಡೆ. ಪರದೆ ಬೆಳಗಿತು. ಪಕ್ಕದ ಕಿಂಡಿಗೆ ಅಂಗೈ ಹಿಡಿದೆ. ಬೆಚ್ಚನೆಯ ಗಾಳಿ, ತೆಳ್ಳಗೆ, ಕರು ಮೂಸಿದ ಹಾಗೆ ಅಂಗೈಗೆ ತಾಗಿತು. ಸ್ಟೂಲು ಎಳೆದುಕೊಂಡು ಕೂತೆ. ಹೊರಗೆ ಜನ ಒಬ್ಬೊಬ್ಬರೇ ಕಣ್ಣುಜ್ಜಿಕೊಂಡು ಎದ್ದು ತಮ್ಮ ಚೀಲಗಳನ್ನು ಅನುಮಾನದಿಂದ ನೋಡಿಕೊಳ್ಳುತ್ತಿದ್ದರು. ಉದ್ದದ ಕೀಲಿ ಒತ್ತಿದೆ. "ಬೆಣಚುಗುಡ್ಡ" ಅಂದಳು ಆ ಹೆಂಗಸು. "ಕೋಡಿಹಟ್ಟಿ" ಅಂದಳು. ಕೆಂಚಮ್ಮ "ಹಾಂ, ನಂದು" ಅಂತ ಎದ್ದಳು. ಒಂದು ನಿಮಿಷ, ನಾಲ್ಕು ನಿಮಿಷ, ಹತ್ತು ನಿಮಿಷ. ಯಂತ್ರ ಆರಲಿಲ್ಲ. ಗುರುಪಾದಪ್ಪ ಗೂಡಿನ ಕಿಟಕಿಗೆ ಬಂದು ಲ್ಯಾಪ್‌ಟಾಪಿನ ಬೆನ್ನು ಮುಟ್ಟಿ ನೋಡಿ, "ಎಮ್ಮೆ ಮೈಯಷ್ಟೇ ಬಿಸಿ" ಅಂದ. ಅವನ ಮುಖದಲ್ಲೂ ಹಗುರ ಕಂಡಿತು. ಒಳ್ಳೆಯವನೇ ಅವನು, ಗಂಟೆಯನ್ನು ಎತ್ತಿಸಿ ತಾನೇ ಗೋಡೌನಿಗೆ ಕಳಿಸಿದ.

ಎಲ್ಲಾ ಬಸ್ಸುಗಳೂ ಹೋಗಿ, ಆ ಹೆಂಗಸು ಸಾಲು ಮುಗಿಸಿ ಸುಮ್ಮನಾದ ಮೇಲೆ ಗರಗರ ಅಂತ ಒಂದು ಸದ್ದು ಕೇಳಿತು. ಫ್ಯಾನಿನ ರೆಕ್ಕೆ ಎಲ್ಲೋ ತಾಗುತ್ತಿದೆ, ಜೋಡಿಸುವಾಗ ತಿರುಪು ಓರೆಯಾಯಿತೇ ಅಂದುಕೊಂಡೆ. ಕಿಂಡಿಗೆ ಕಿವಿಯಿಟ್ಟೆ. ಅಲ್ಲಿ ಬರೀ ಸುಂಯ್ ಅನ್ನುವ ಗಾಳಿ. ಮತ್ತೆ ಗರ್‍ರ್ ಅಂತು, ಈ ಸಲ ಕೊನೆಯಲ್ಲಿ ಸಿಳ್ಳು ಹಾಕಿತು. ಯಂತ್ರವನ್ನು ಎತ್ತಿ ಅಡಿ ನೋಡಿದೆ. ಸದ್ದು ಅದರಿಂದ ಬರುತ್ತಿರಲಿಲ್ಲ. ಮೇಜಿನ ಕೆಳಗಿನಿಂದ ಬರುತ್ತಿತ್ತು.

ಸಾಕಮ್ಮ ಎದ್ದು ಕೂತಿದ್ದಳು. "ಏನಕ್ಕ, ಮತ್ತೆ ಕೆಟ್ಟಿತಾ?" ಅಂದಳು ಗಾಬರಿಯಲ್ಲಿ.

"ಕೆಟ್ಟಿಲ್ಲ. ನಿನ್ನ ಪಕ್ಕಕ್ಕೆ ತಿರುಗಿ ಕೇಳು."

ಅವಳು ತಿರುಗಿದಳು. ತಿಪ್ಪೇಶಪ್ಪ ಅಂಗಾತ ಮಲಗಿ, ಬಾಯಿ ತೆರೆದು, ಮೂವತ್ತು ವರ್ಷ ಸ್ಟ್ಯಾಂಡಿಗೆ ಕೂಗಿದ ಅದೇ ಗಂಟಲಿನಿಂದ ಗೊರಕೆ ಹೊಡೆಯುತ್ತಿದ್ದ. ಅವಳು ಎರಡು ಗೊರಕೆ ಕೇಳಿದಳು, ಮೂರನೆಯದನ್ನೂ ಕೇಳಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. "ಮದುವೆಯಾದ ಹೊಸದರಲ್ಲಿ ಇದೇ ಗೊರಕೆಗೆ ತವರಿಗೆ ಹೊರಟುಹೋಗಿದ್ದೆ ಅಕ್ಕ. ನಮ್ಮಪ್ಪ ವಾಪಸು ಕಳಿಸಿದ್ರು" ಅಂದಳು. ಗುರುಪಾದಪ್ಪ "ಇನ್ನೂ ಎದ್ದಿಲ್ವಾ ಅವನು, ಎಬ್ಬಿಸಿ" ಅಂತ ಬಂದರೆ, ಅವಳು ಗೂಡಿನ ಬಾಗಿಲಿಗೆ ಅಡ್ಡ ನಿಂತಳು. "ಎರಡು ವರ್ಷದ ನಿದ್ದೆ ಬಾಕಿ ಐತೆ, ಸುಮ್ನಿರಿ."

ಅವನಾಗಿಯೇ ಏಳಲಿ ಅಂತ ಕಾದೆವು. ಬೋರ್ಡಿನ ಮೇಲಿನ ಗೀಟುಗಳು ಒಂದೊಂದಾಗಿ ನನಗೆ ಅಕ್ಷರವಾಗತೊಡಗಿದ್ದವು. ಆಗ ಗೊರಕೆ ನಿಂತಿತು. ತಿಪ್ಪೇಶಪ್ಪ ಕಣ್ಣು ಬಿಟ್ಟ. ಕೈ ಅಭ್ಯಾಸದಂತೆ ಬೀಗದ ಕೈಗಳ ಗೊಂಚಲು ಹುಡುಕಿತು, ಸಿಗಲಿಲ್ಲ. ಹೊರಗಿನ ಬಿಸಿಲು ನೋಡಿದ, ಹೊತ್ತು ಮೀರಿದ್ದು ತಿಳಿದು ಗಾಬರಿಯಿಂದ ಎದ್ದು ತಲೆಯನ್ನು ಮೇಜಿಗೆ ಬಡಿಸಿಕೊಂಡ. ಸಾಕಮ್ಮ ಅವನ ಎದೆಯ ಮೇಲೆ ಕೈಯಿಟ್ಟು, ನಮ್ಮೂರಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದಳು. "ಎಲ್ಲಾ ಎದ್ದೈತಾ?"

ಅವನು ಕೈಬೆರಳು ನೋಡಿಕೊಂಡ, ಕಾಲು ಮಡಚಿ ನೋಡಿದ, ಎರಡೂ ಕಣ್ಣು ಒಂದೊಂದಾಗಿ ಮುಚ್ಚಿ ತೆರೆದು ಅವಳನ್ನು ನೋಡಿದ. ಬಾಯಿ ತೆರೆದ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ 'ಗು' ಅಂದ. ಕೆಮ್ಮಿದ. ಎರಡು ವರ್ಷದ ಹಿಂದೆ ಅರ್ಧಕ್ಕೆ ನಿಂತಿದ್ದ ಮಾತು, ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟುತ್ತಾ ಹೊರಗೆ ಬಂತು.

"ಗುಡ್ಡ."

ಆಮೇಲೆ ಅವನು ಕಿಟಕಿಯ ಹತ್ತಿರ ಹೋಗಿ, ಸರಳು ಹಿಡಿದುಕೊಂಡು, ಪೂರ್ತಿಯಾಗಿ ಕೂಗಿದ. ಬೆಣಚುಗುಡ್ಡ, ಬೆಣಚುಗುಡ್ಡ, ಕೋಡಿಹಟ್ಟಿ ಮೇಲೆ ಬೆಣಚುಗುಡ್ಡ. ದನಿ ಒಡೆದಿತ್ತು, ಆದರೂ ತಗಡಿಗೆ ಬಡಿಯಿತು. ಬೆಣಚುಗುಡ್ಡದ ಬಸ್ಸು ಹೋಗಿ ಅರ್ಧ ಗಂಟೆ ಆಗಿತ್ತು. ಖಾಲಿ ಸ್ಟ್ಯಾಂಡಿನಲ್ಲಿ ಗುರುಪಾದಪ್ಪ ಇದ್ದ, ಕಡಲೆಕಾಯಿಯವಳಿದ್ದಳು, ಎರಡು ನಾಯಿ ಇದ್ದವು, ನಾವಿಬ್ಬರಿದ್ದೆವು. ಬಸ್ಸು ಹೋಗಿದ್ದನ್ನು ಅವನಿಗೆ ಯಾರೂ ಹೇಳಲಿಲ್ಲ.